ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬದಲಿಸಿದ ಮೇಲೆ ಗಾಡಿ ಅದುರುತ್ತಿದೆ, ಎಲ್ಲಿಂದ ಹುಡುಕಲಿ?

ಹಳೇಪಿಕಪ್

ನನ್ನದು ಹಿಂದಿನ ಚಕ್ರ ಎಳೆಯುವ ಹಳೇ ಪಿಕಪ್. ಇಂಜಿನ್ ಷೆವ್ರೊಲೆ 350, ಅಂದರೆ 350 ಘನ ಇಂಚಿನದು. ಮೊದಲು ಮೂರು ಗೇರಿನ ಟಿಎಚ್350 ಇತ್ತು, ಅದನ್ನು ಇಳಿಸಿ ನಾಲ್ಕು ಗೇರಿನ 700ಆರ್4 ಕೂರಿಸಿದ್ದೇನೆ. ಹೊಸದು ಸುಮಾರು 3 ಇಂಚು ಜಾಸ್ತಿ ಉದ್ದ. ಹಾಗಾಗಿ ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್ ಹಿಂದಕ್ಕೆ ಹೋಯಿತು, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಹೊರಗಡೆ ಕೊಟ್ಟು ಮುಂದಿನ ತುದಿಯಲ್ಲಿ ಕತ್ತರಿಸಿ ವೆಲ್ಡ್ ಮಾಡಿಸಿದ್ದಾಯಿತು. ಗೇರ್ ಬೀಳುವುದರಲ್ಲಿ ಏನೂ ತೊಂದರೆ ಇಲ್ಲ, ಎಳೆತವೂ ಚೆನ್ನಾಗಿದೆ.

ತೊಂದರೆ ಇರುವುದು ವೇಗದಲ್ಲಿ. 70 ದಾಟುತ್ತಿದ್ದ ಹಾಗೆ ಕಾಲಡಿಯ ತಗಡಿನಿಂದ ಗುಂಯ್ ಅಂತ ಶಬ್ದ ಶುರುವಾಗುತ್ತದೆ. 95 ದಾಟಿದರೆ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ದೀಪ ಎರಡೆರಡು ಕಾಣುವಷ್ಟು ನಡುಕ. ಗೇರ್‌ಬಾಕ್ಸ್ ಹಾಕುವ ಮೊದಲು ಹೀಗಿರಲಿಲ್ಲ. ಗೊತ್ತಿರುವವರೊಬ್ಬರು ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಕೊಡುವ ಭಾಗ) ಹೋಗಿದೆ, ಇಳಿಸಿ ನೋಡೋಣ ಅಂತಿದ್ದಾರೆ. ಇಳಿಸುವ ಮೊದಲು ನೋಡಬೇಕಾದ್ದು ಏನಾದರೂ ಇದೆಯಾ?

ಎಣ್ಣೆಕೈ

ಇಳಿಸಬೇಡಿ. ಇನ್ನೂ ಅದರ ಸರದಿ ಬಂದಿಲ್ಲ.

ಗಾಡಿಯಲ್ಲಿ ತಿರುಗುವ ವಸ್ತುಗಳು ಮೂರು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಇಂಜಿನ್ ಮತ್ತು ಕನ್ವರ್ಟರ್ ಒಂದು ವೇಗ. ಪ್ರೊಪೆಲ್ಲರ್ ಶಾಫ್ಟ್ ಇನ್ನೊಂದು. ಚಕ್ರ, ಆಕ್ಸಲ್ ಮತ್ತೊಂದು. ನಡುಕ ಇವುಗಳಲ್ಲಿ ಯಾವುದರ ಹಿಂದೆ ಹೋಗುತ್ತಿದೆ ಅಂತ ಮೊದಲು ತಿಳಿಯಬೇಕು, ಅದಕ್ಕೆ ಒಂದು ಸ್ಪ್ಯಾನರ್ ಕೂಡ ಬೇಕಾಗಿಲ್ಲ.

ಮೊದಲು ಗಾಡಿ ನಿಲ್ಲಿಸಿ, ಪಾರ್ಕಿನಲ್ಲಿಟ್ಟು, ನಿಧಾನವಾಗಿ 3000 ಆರ್‌ಪಿಎಂ ತನಕ ರೇಸ್ ಮಾಡಿ. ಆಗ ಇಂಜಿನ್, ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕಿಗೂ ಕನ್ವರ್ಟರಿಗೂ ನಡುವಿನ ತಟ್ಟೆ), ಕನ್ವರ್ಟರ್, ಗೇರ್‌ಬಾಕ್ಸಿನ ಪಂಪ್ ಇಷ್ಟೂ ತಿರುಗುತ್ತವೆ, ಶಾಫ್ಟ್ ನಿಂತಿರುತ್ತದೆ. ಇಲ್ಲಿ ನಡುಕ ಬಂದರೆ ಮುಂಭಾಗ ನೋಡಬೇಕು. ಬರಲಿಲ್ಲ ಅಂದರೆ ಕನ್ವರ್ಟರ್ ಮೇಲಿನ ಅನುಮಾನ ಬಹುಪಾಲು ಹೋಯಿತು.

ಆಮೇಲೆ ಖಾಲಿ ನೇರ ರಸ್ತೆಯಲ್ಲಿ ನಡುಕ ಜೋರಾಗಿರುವ ವೇಗಕ್ಕೆ ಹೋಗಿ, ಅದೇ ವೇಗವನ್ನು ಒಮ್ಮೆ ನಾಲ್ಕನೇ ಗೇರಿನಲ್ಲಿ, ಒಮ್ಮೆ ಮೂರನೇ ಗೇರಿನಲ್ಲಿ ಹಿಡಿದು ನೋಡಿ. ನಿಮ್ಮ ಹಳೇ ಗೇರ್‌ಬಾಕ್ಸಿನಲ್ಲಿ ಈ ಪರೀಕ್ಷೆ ಇಷ್ಟು ಸ್ಪಷ್ಟವಾಗಿ ಬರುತ್ತಿರಲಿಲ್ಲ. ಅದರಲ್ಲಿ ಟಾಪ್ ಗೇರ್ 1:1, ಇಂಜಿನ್ ಮತ್ತು ಶಾಫ್ಟ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತವೆ, ಯಾರದು ತಪ್ಪು ಅಂತ ಹೇಳುವುದೇ ಕಷ್ಟ. 700ಆರ್4ನಲ್ಲಿ ನಾಲ್ಕನೆಯದು 0.70. ಗೇರ್ ಬದಲಿಸಿದರೆ ಇಂಜಿನ್ ವೇಗ ಬದಲಾಗುತ್ತದೆ, ಶಾಫ್ಟ್ ವೇಗ ಬದಲಾಗುವುದಿಲ್ಲ. ಎರಡೂ ಗೇರಿನಲ್ಲಿ ಅದೇ ನಡುಕ ಇದ್ದರೆ ಅದು ಇಂಜಿನ್ನಿನದಲ್ಲ.

ಕೊನೆಗೆ ಅದೇ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್‌ಗೆ ಹಾಕಿ ಸ್ವಲ್ಪ ದೂರ ಉರುಳಲು ಬಿಡಿ. ಆಗಲೂ ನಡುಕ ಇದ್ದರೆ ಅದು ಶಾಫ್ಟ್ ಅಥವಾ ಚಕ್ರದ ಕಡೆಯದು. ಇಂಜಿನ್ ಮಾತ್ರ ಆಫ್ ಮಾಡಬೇಡಿ, ಸ್ಟೀರಿಂಗ್ ಮತ್ತು ಬ್ರೇಕಿನ ಸಹಾಯ ಹೋಗಿಬಿಡುತ್ತದೆ.

ನಟ್ಟುಬೋಲ್ಟು

ಎಣ್ಣೆಕೈ ಹೇಳಿದ್ದು ಸರಿ. ಆದರೂ ಪಾರ್ಕಿನಲ್ಲಿ ನಡುಕ ಬಂದರೆ ಏನು ಅಂತ ಬರೆದಿಡುತ್ತೇನೆ, ಇಲ್ಲಿಗೆ ಹುಡುಕಿಕೊಂಡು ಬರುವವರಲ್ಲಿ ಬೇರೆಯವರಿಗೂ ಬೇಕಾಗುತ್ತದೆ.

ಗೇರ್‌ಬಾಕ್ಸ್ ಬದಲಿಸುವಾಗ ಜಾಸ್ತಿ ಎಡವುವುದು ಫ್ಲೆಕ್ಸ್‌ಪ್ಲೇಟಿನಲ್ಲಿ. ಕೆಲವು ಇಂಜಿನ್‌ಗಳಿಗೆ ತೂಕದ ಸಮತೋಲನ ಕ್ರ್ಯಾಂಕಿನ ಒಳಗೇ ಇರುತ್ತದೆ, ಕೆಲವಕ್ಕೆ ಫ್ಲೆಕ್ಸ್‌ಪ್ಲೇಟ್ ಮೇಲಿನ ತೂಕವೂ ಸೇರಿಯೇ ಸಮತೋಲನ. ಷೆವ್ರೊಲೆ 350 ಒಂದರಲ್ಲೇ ಎರಡು ಬಗೆ ಇದೆ. 1985ರ ತನಕ ಕ್ರ್ಯಾಂಕಿನ ಹಿಂದೆ ಎಣ್ಣೆ ಸೋರದಂತೆ ತಡೆಯುವ ಮೇನ್ ಸೀಲ್ ಎರಡು ತುಂಡು, ಫ್ಲೆಕ್ಸ್‌ಪ್ಲೇಟಿಗೆ ಪ್ರತ್ಯೇಕ ತೂಕ ಇಲ್ಲ. 1986ರಿಂದ ಸೀಲ್ ಒಂದೇ ತುಂಡು, ಫ್ಲೆಕ್ಸ್‌ಪ್ಲೇಟಿಗೆ ತೂಕ ಇದೆ. ಷೆವ್ರೊಲೆ 400ಕ್ಕೆ ಹಿಂದೆ ಮುಂದೆ ಎರಡೂ ಕಡೆ ತೂಕ ಬೇಕು. ಫೋರ್ಡ್ 302ರಲ್ಲಿ ಹಳೆಯದಕ್ಕೆ 28 ಔನ್ಸ್-ಇಂಚು, ಎಂಬತ್ತರ ದಶಕದಲ್ಲಿ ಬಂದದ್ದಕ್ಕೆ 50 ಔನ್ಸ್-ಇಂಚು (ತೂಕವನ್ನು ಅದು ನಡುವಿನಿಂದ ಇರುವ ದೂರದಿಂದ ಗುಣಿಸಿದ್ದು). ಡಾಡ್ಜ್ 360ರಲ್ಲಂತೂ ತೂಕವನ್ನು ಕನ್ವರ್ಟರಿಗೇ ವೆಲ್ಡ್ ಮಾಡಿರುತ್ತಿದ್ದರು. ತೂಕ ಇಲ್ಲದ ಕನ್ವರ್ಟರ್ ಹಾಕಿದರೆ ಅದಕ್ಕೆ ಸರಿಹೊಂದುವ ತೂಕದ ಫ್ಲೆಕ್ಸ್‌ಪ್ಲೇಟ್ ಹಾಕಲೇಬೇಕು.

ತೂಕ ತಪ್ಪಿದ್ದರೆ ಗೊತ್ತಾಗದೇ ಇರುವುದಿಲ್ಲ. ಆರ್‌ಪಿಎಂ ಏರಿದಷ್ಟೂ ನಡುಕ ಏರುತ್ತದೆ, ಗೇರ್ ಲಿವರ್ ಎಲ್ಲಿದ್ದರೂ ಒಂದೇ. ಹಾಗೇ ಓಡಿಸಿದರೆ ಮೇನ್ ಬೇರಿಂಗ್ ಹಾಳಾಗುತ್ತದೆ.

ಹಳೇಪಿಕಪ್, ನಿಮ್ಮ ಇಂಜಿನ್ ಯಾವ ವರ್ಷದ್ದು? ಹಳೇ ಫ್ಲೆಕ್ಸ್‌ಪ್ಲೇಟೇ ಹಾಕಿದ್ದೀರಾ?

ಕಡಿವಾಣ

ಫ್ಲೆಕ್ಸ್‌ಪ್ಲೇಟ್ ಸರಿ ಇದ್ದೂ ಪಾರ್ಕಿನಲ್ಲಿ ಅದುರಿದರೆ ಬೆಲ್‌ಹೌಸಿಂಗಿನ ಡೋವೆಲ್ ಪಿನ್ ನೋಡಿ. ಬ್ಲಾಕಿನ ಹಿಂಭಾಗದಲ್ಲಿ ಎರಡು ಪಿನ್ ಇರಬೇಕು. ಗೇರ್‌ಬಾಕ್ಸನ್ನು ಕ್ರ್ಯಾಂಕಿನ ನಡುವಿಗೆ ಕೂರಿಸುವುದು ಬೋಲ್ಟ್ ಅಲ್ಲ, ಆ ಪಿನ್‌ಗಳು. ಪಿನ್ ಹಳೇ ಗೇರ್‌ಬಾಕ್ಸಿನ ಕಿವಿಯಲ್ಲೇ ಕಚ್ಚಿಕೊಂಡು ಹೋಗಿರುತ್ತದೆ, ಯಾರೂ ನೋಡಿರುವುದಿಲ್ಲ.

ಕನ್ವರ್ಟರ್ ಪೂರ್ತಿ ಒಳಗೆ ಕೂತಿತ್ತಾ ಅನ್ನುವುದೂ ಮುಖ್ಯ. ಗೇರ್‌ಬಾಕ್ಸನ್ನು ಬ್ಲಾಕಿಗೆ ಬಿಗಿ ಮಾಡಿದ ಮೇಲೆ ಕನ್ವರ್ಟರನ್ನು ಕೈಯಲ್ಲಿ ಮುಂದಕ್ಕೆ ಎಳೆದರೆ 3ರಿಂದ 5 ಮಿ.ಮೀ. ಮುಂದೆ ಬಂದು ಫ್ಲೆಕ್ಸ್‌ಪ್ಲೇಟಿಗೆ ತಾಗಬೇಕು. ಅದು ಮೊದಲೇ ಒತ್ತಿಕೊಂಡಿದ್ದರೆ ಪಂಪ್ ಮುರಿಯುತ್ತದೆ. ತೀರಾ ದೂರ ಇದ್ದರೂ ಬೋಲ್ಟ್ ಎಳೆದು ಫ್ಲೆಕ್ಸ್‌ಪ್ಲೇಟ್ ಬಾಗುತ್ತದೆ.

ಇನ್ನೂ ಅನುಮಾನ ಇದ್ದರೆ ಕನ್ವರ್ಟರಿನ ಬೋಲ್ಟ್ ಬಿಚ್ಚಿ, ಹಿಂದಕ್ಕೆ ತಳ್ಳಿ, ಬರೀ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ. ನಡುಕ ಹೋಯಿತಾ, ತಪ್ಪು ಕನ್ವರ್ಟರ್ ಕಡೆ. ಹೋಗಲಿಲ್ಲವಾ, ಇಂಜಿನ್ ಅಥವಾ ಫ್ಲೆಕ್ಸ್‌ಪ್ಲೇಟ್. ಮೂರು ಬೋಲ್ಟಿನ ಕನ್ವರ್ಟರನ್ನು ಒಂದು ತೂತು ಮುಂದಕ್ಕೆ ತಿರುಗಿಸಿ ಹಾಕಿ ನೋಡುವುದೂ ಒಳ್ಳೆಯದು, ಕೆಲವು ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಹಳೇಪಿಕಪ್

ಎಲ್ಲರಿಗೂ ಥ್ಯಾಂಕ್ಸ್. ಬ್ಲಾಕ್ 1979ರದ್ದು, ಎರಡು ತುಂಡಿನ ಸೀಲ್. ಫ್ಲೆಕ್ಸ್‌ಪ್ಲೇಟ್ ಮೊದಲಿದ್ದದ್ದೇ. ಡೋವೆಲ್ ಪಿನ್ ಎರಡೂ ಇವೆ, ಕೂರಿಸುವಾಗಲೇ ನೋಡಿದ್ದೆ.

ಪಾರ್ಕಿನಲ್ಲಿ 3000 ತನಕ ಒಂದು ಚೂರೂ ನಡುಕ ಇಲ್ಲ. 100ರಲ್ಲಿ ಮೂರನೇ ಗೇರಾದರೂ ನಾಲ್ಕನೇ ಗೇರಾದರೂ ಅದೇ ನಡುಕ. ನ್ಯೂಟ್ರಲ್‌ನಲ್ಲಿ ಉರುಳಿದರೂ ಕನ್ನಡಿ ಅದುರುತ್ತದೆ. ಗುಂಯ್ ಶಬ್ದ ಮಾತ್ರ ನ್ಯೂಟ್ರಲ್‌ನಲ್ಲಿ ಸ್ವಲ್ಪ ಕಡಿಮೆಯಾಯಿತು.

ಎಣ್ಣೆಕೈ

ಹಾಗಾದರೆ ಗೇರ್‌ಬಾಕ್ಸ್ ಅಲ್ಲೇ ಇರಲಿ. ನೀವು ಕೊನೆಯಲ್ಲಿ ಬರೆದ ಮಾತು ಮುಖ್ಯ. ಒಂದು ಕಡಿಮೆಯಾಯಿತು, ಇನ್ನೊಂದು ಆಗಲಿಲ್ಲ. ನನಗೆ ಇದು ಎರಡು ಬೇರೆ ಬೇರೆ ಕಾಯಿಲೆ ಇದ್ದ ಹಾಗೆ ಕಾಣುತ್ತಿದೆ. ಒಂದನ್ನು ಸರಿ ಮಾಡಿದಾಗ ಇನ್ನೊಂದು ಉಳಿದರೆ "ಸರಿಹೋಗಲಿಲ್ಲ" ಅಂತ ಮಾಡಿದ್ದನ್ನೆಲ್ಲ ಬಿಚ್ಚಿಬಿಡಬೇಡಿ.

ದಾರಿಹೋಕ

ಲಾಕಪ್ ಕ್ಲಚ್ (ವೇಗ ಹಿಡಿದ ಮೇಲೆ ಕನ್ವರ್ಟರನ್ನು ಜಾರದಂತೆ ಇಂಜಿನ್ನಿಗೆ ನೇರ ಕಚ್ಚಿಸುವುದು) ಯಾಕೆ ಆಗಿರಬಾರದು? 700ಆರ್4ನಲ್ಲಿ ಕನ್ವರ್ಟರ್ ಒಳಗೆ ಲಾಕಪ್ ಇದೆ, ಹಳೇ ಟಿಎಚ್350ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೊಸದಾಗಿ ಬಂದ ನಡುಕ ಅಂದರೆ ಮೊದಲು ಹೊಸದಾಗಿ ಬಂದ ವಸ್ತುವನ್ನೇ ಅನುಮಾನಿಸಬೇಕಲ್ವಾ?

ಎಣ್ಣೆಕೈ

ಅನುಮಾನ ಸರಿಯಾದದ್ದೇ. ಅದಕ್ಕೂ ಸುಲಭದ ಪರೀಕ್ಷೆ ಇದೆ. ಲಾಕಪ್ ಕ್ಲಚ್ ಜಾರುತ್ತಿದ್ದರೆ ಹಗುರ ಆಕ್ಸಿಲರೇಟರಿನಲ್ಲಿ, ಕ್ಲಚ್ ಹಿಡಿಯುವ ಹೊತ್ತಿಗೆ, ರಸ್ತೆಯ ಉಬ್ಬುಪಟ್ಟಿಗಳ ಮೇಲೆ ಹೋದ ಹಾಗೆ ಗಡಗಡ ಅನ್ನುತ್ತದೆ, ಕೆಲವು ಸೆಕೆಂಡಿನಲ್ಲಿ ಹೋಗುತ್ತದೆ. ಆ ಹೊತ್ತಿಗೆ ಎಡಗಾಲಿನಲ್ಲಿ ಬ್ರೇಕ್ ಪೆಡಲ್ಲನ್ನು ಬ್ರೇಕ್ ಸ್ವಿಚ್ ಕೆಲಸ ಮಾಡುವಷ್ಟು ಮಾತ್ರ ಮುಟ್ಟಿ. ವೈರಿಂಗ್ ಸರಿ ಇದ್ದರೆ ಲಾಕಪ್ ಬಿಟ್ಟುಕೊಳ್ಳುತ್ತದೆ, ಆರ್‌ಪಿಎಂ ಸ್ವಲ್ಪ ಏರುತ್ತದೆ. ನಡುಕ ತಕ್ಷಣ ನಿಂತರೆ ಕ್ಲಚ್, ಇಲ್ಲವೇ ತಪ್ಪು ಎಣ್ಣೆ. ಇವರಿಗೆ ನ್ಯೂಟ್ರಲ್‌ನಲ್ಲೂ ಅದುರುತ್ತಿದೆ, ಅಲ್ಲಿ ಲಾಕಪ್ಪಿನ ಪಾತ್ರವೇ ಇಲ್ಲ.

ಅಂದ ಹಾಗೆ ಹಳೇಪಿಕಪ್, ಟಿವಿ ಕೇಬಲ್, ಅಂದರೆ ಥ್ರಾಟಲ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಥ್ರಾಟಲ್ ವಾಲ್ವ್ ಕೇಬಲ್ ಸರಿಯಾಗಿ ಹೊಂದಿಸಿದ್ದೀರಾ? ನಡುಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ 700ಆರ್4ನಲ್ಲಿ ಒಳಗಿನ ಒತ್ತಡವನ್ನು ತೀರ್ಮಾನಿಸುವುದೇ ಆ ಕೇಬಲ್. ಸಡಿಲ ಇದ್ದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟುಹೋಗುತ್ತವೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕೇಬಲ್ ಕೂಡ ಪೂರ್ತಿ ಎಳೆದಿರಬೇಕು. ದಯವಿಟ್ಟು ಇವತ್ತೇ ನೋಡಿ.

ಹಳೇಪಿಕಪ್

ನೋಡಿದೆ, ಪೂರ್ತಿ ಎಳೆಯುತ್ತದೆ.

ಡಯಲ್‌ಗೇಜ್

ನಾನು ಲೆಕ್ಕದಿಂದ ಶುರು ಮಾಡುತ್ತೇನೆ. ಟೈರ್ ಸೈಜ್ ಮತ್ತು ಡಿಫರೆನ್ಷಿಯಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು) ಹೇಳಿ.

ಹಳೇಪಿಕಪ್

235/75 ಆರ್15. ಡಿಫರೆನ್ಷಿಯಲ್ 3.73.

ಡಯಲ್‌ಗೇಜ್

ಸರಿ. ಆ ಟೈರ್ ಒಂದು ಸುತ್ತಿಗೆ ಸುಮಾರು 2.25 ಮೀಟರ್ ಹೋಗುತ್ತದೆ. 100 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 27.8 ಮೀಟರ್. ಚಕ್ರ ಸೆಕೆಂಡಿಗೆ 12 ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಅದನ್ನು 3.73ರಿಂದ ಗುಣಿಸಿದರೆ ಶಾಫ್ಟ್ ಸೆಕೆಂಡಿಗೆ ಸುಮಾರು 46 ಸುತ್ತು.

ಈಗ ಮೂರು ಸಂಖ್ಯೆ ಸಿಕ್ಕವು. 12 ಹರ್ಟ್ಸ್, ಅಂದರೆ ಸೆಕೆಂಡಿಗೆ 12 ಸಲ ನಡುಕ ಇದ್ದರೆ ಟೈರ್, ರಿಮ್, ಆಕ್ಸಲ್. 46 ಇದ್ದರೆ ಶಾಫ್ಟಿನ ತೂಕ ತಪ್ಪಿದೆ ಅಥವಾ ಶಾಫ್ಟ್ ಡೊಂಕಾಗಿದೆ, ಏಕೆಂದರೆ ಅದು ಸುತ್ತಿಗೆ ಒಂದು ಸಲ ಒದೆಯುತ್ತದೆ. 92 ಇದ್ದರೆ ಯು-ಜಾಯಿಂಟಿನ (ಶಾಫ್ಟಿನ ತುದಿಯಲ್ಲಿ ಬಾಗಿ ತಿರುಗುವ ಕೀಲು) ಕೋನ, ಅದು ಸುತ್ತಿಗೆ ಎರಡು ಸಲ ಒದೆಯುತ್ತದೆ. ಫೋನಿನಲ್ಲಿ ನಡುಕ ಅಳೆಯುವ ಆ್ಯಪ್ ಹಾಕಿ, ಫೋನನ್ನು ಸೀಟಿನ ಮುಂದಿನ ಗಟ್ಟಿ ನೆಲಕ್ಕೆ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ ಇನ್ನೊಬ್ಬರು ಕೂತು ನೋಡಲಿ. ಓಡಿಸುವವರು ನೋಡಬಾರದು. ಒಂದು ಎಚ್ಚರಿಕೆ, ಫೋನಿನ ಸೆನ್ಸರ್ ಸೆಕೆಂಡಿಗೆ 100 ಸಲ ಮಾತ್ರ ಓದಿದರೆ 50 ಹರ್ಟ್ಸ್ ಮೇಲಿನದನ್ನು ಅದು ಸರಿಯಾಗಿ ತೋರಿಸುವುದಿಲ್ಲ. 92 ಹುಡುಕಲು ಮೈಕನ್ನು ಬಳಸುವ ಆ್ಯಪ್ ಹಾಕಿ.

ಮುಂಚಕ್ರ

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಮುಂದಿನ ಚಕ್ರ ಎಳೆಯುವ ಕಾರು, ಇದೇ ಥರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬದಲಾಗಿದೆ. ಸಿಗ್ನಲ್ಲಿನಲ್ಲಿ ಡಿ ಹಾಕಿ ಬ್ರೇಕ್ ಒತ್ತಿ ನಿಂತರೆ ಸ್ಟೀರಿಂಗ್ ಜುಂ ಅನ್ನುತ್ತದೆ. ಎನ್‌ಗೆ ಹಾಕಿದರೆ ಇಲ್ಲ. ಓಡುವಾಗ ಏನೂ ಇಲ್ಲ.

ನಟ್ಟುಬೋಲ್ಟು

ನಿಮ್ಮದು ಮೌಂಟ್ (ಇಂಜಿನ್ ಹೊರುವ ರಬ್ಬರ್ ಆಸರೆ), ಮುಂಚಕ್ರ ಅವರೇ. ಡಿ ಹಾಕಿದಾಗ ಇಂಜಿನ್ ಒಂದು ಕಡೆಗೆ ವಾಲಿ ಮೌಂಟ್ ಮೇಲೆ ಭಾರ ಬೀಳುತ್ತದೆ. ಗೇರ್‌ಬಾಕ್ಸ್ ಹಾಕುವಾಗ ಮೌಂಟುಗಳನ್ನು ಒಂದೊಂದಾಗಿ ಬಿಗಿ ಮಾಡುತ್ತಾ ಹೋದರೆ ರಬ್ಬರ್ ತಿರುಚಿಕೊಂಡೇ ಕೂತುಬಿಡುತ್ತದೆ. ಅಡಿಯಿಂದ ಜ್ಯಾಕಿನಲ್ಲಿ ಭಾರ ಹಿಡಿದುಕೊಂಡು ಮೌಂಟ್ ಬೋಲ್ಟುಗಳನ್ನು ಸಡಿಲಿಸಿ, ಇಂಜಿನ್ನನ್ನು ಹಿಂದೆ ಮುಂದೆ ಅಲ್ಲಾಡಿಸಿ, ಅದು ತಾನಾಗಿ ನಿಂತ ಜಾಗದಲ್ಲಿ ಮತ್ತೆ ಬಿಗಿ ಮಾಡಿ. ಎಣ್ಣೆ ತುಂಬಿದ ಮೌಂಟ್ ಆಗಿದ್ದರೆ ಸೋರಿದ ಕಲೆ ಇದೆಯಾ ನೋಡಿ. ಸೈಲೆನ್ಸರ್ ಪೈಪ್ ಸಬ್‌ಫ್ರೇಮಿಗೆ ತಾಗುತ್ತಿದ್ದರೂ ಹೀಗೇ ಆಗುತ್ತದೆ. ಐಡಲ್ ಆರ್‌ಪಿಎಂ ಡಿ ಹಾಕಿದಾಗ ತೀರಾ ಬೀಳುತ್ತಿದೆಯಾ ಅಂತಲೂ ಗಮನಿಸಿ.

ಮುಂದೆ ಯಾವಾಗಲಾದರೂ ಜೋರಾಗಿ ಎಳೆಸುವಾಗ ಮಾತ್ರ ಅದುರಿ, ಕಾಲು ತೆಗೆದರೆ ನಿಂತರೆ, ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ನೋಡಿ.

ಹಳೇಪಿಕಪ್

ಅಳೆದೆ. ಅಂದರೆ ನಾನು ಓಡಿಸಿದೆ, ತಮ್ಮ ನೋಡಿದ. 100ರಲ್ಲಿ 46ರ ಹತ್ತಿರ ಒಂದು ಎತ್ತರದ ಗೆರೆ. ಮೈಕಿನ ಆ್ಯಪಿನಲ್ಲಿ 92ರ ಹತ್ತಿರ ಇನ್ನೊಂದು. 12ರಲ್ಲಿ ಹೇಳುವಂಥದ್ದು ಏನೂ ಇಲ್ಲ. ಎರಡೂ ಇದೆ ಅಂದರೆ ಏನರ್ಥ?

ಡಯಲ್‌ಗೇಜ್

ಎಣ್ಣೆಕೈ ಊಹಿಸಿದ್ದೇ. ಎರಡು ಕಾಯಿಲೆ, ಎರಡೂ ಶಾಫ್ಟಿನ ಸುತ್ತಮುತ್ತ. ಮೊದಲು ಕೋನ ನೋಡೋಣ, ಅದಕ್ಕೆ ಶಾಫ್ಟ್ ಬಿಚ್ಚಬೇಕಾಗಿಲ್ಲ.

ಯು-ಜಾಯಿಂಟ್ ಬಾಗಿ ತಿರುಗುವಾಗ ಹಿಂದಿನ ತುದಿಗೆ ಒಂದೇ ಸಮ ವೇಗ ಕೊಡುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಕೋನ ಎರಡು ಪಟ್ಟಾದರೆ ಈ ಏರಿಳಿತ ನಾಲ್ಕು ಪಟ್ಟಾಗುತ್ತದೆ. ಮುಂದಿನ ಜಾಯಿಂಟ್ ಮಾಡಿದ ಏರಿಳಿತವನ್ನು ಹಿಂದಿನ ಜಾಯಿಂಟ್ ಕಳೆಯಬೇಕು. ಕಳೆಯಬೇಕಾದರೆ ಎರಡೂ ಕೋನ ಸಮ ಇರಬೇಕು, ಶಾಫ್ಟಿನ ಎರಡು ತುದಿಯ ಯೋಕ್ (ಜಾಯಿಂಟ್ ಕೂರುವ ಕವೆ) ಒಂದೇ ಗೆರೆಯಲ್ಲಿ ಇರಬೇಕು. ನಿಮ್ಮದು ಕತ್ತರಿಸಿ ವೆಲ್ಡ್ ಮಾಡಿದ ಶಾಫ್ಟ್, ಆದ್ದರಿಂದ ಯೋಕ್ ಗೆರೆಯನ್ನೂ ನೋಡಲೇಬೇಕು.

ಗಾಡಿ ಸಮ ನೆಲದಲ್ಲಿ ಚಕ್ರಗಳ ಮೇಲೇ ನಿಂತಿರಲಿ. ಜ್ಯಾಕಿನಲ್ಲಿ ಎತ್ತಿ ಚಕ್ರ ನೇತಾಡುವಾಗ ತೆಗೆದ ಅಳತೆ ಪ್ರಯೋಜನಕ್ಕೆ ಬಾರದು. ಮ್ಯಾಗ್ನೆಟ್ ಇರುವ ಡಿಜಿಟಲ್ ಆ್ಯಂಗಲ್ ಗೇಜಿನಿಂದ ಮೂರು ಇಳಿಜಾರು ಅಳೆಯಿರಿ. ಗೇರ್‌ಬಾಕ್ಸಿನದು, ಶಾಫ್ಟ್ ಕೊಳವೆಯದು, ಡಿಫರೆನ್ಷಿಯಲ್ ಪಿನಿಯನ್‌ನದು (ಶಾಫ್ಟಿನ ಹಿಂತುದಿ ಸೇರುವ ಗೇರ್). ಗೇರ್‌ಬಾಕ್ಸಿನದನ್ನು ಇಂಜಿನ್ ಮುಂದಿನ ಬ್ಯಾಲೆನ್ಸರ್ ಮುಖದಿಂದ ತೆಗೆದರೆ ನಂಬಬಹುದು.

ಹಳೇಪಿಕಪ್

ಎಲ್ಲವೂ ಹಿಂದಕ್ಕೆ ಇಳಿಜಾರು. ಗೇರ್‌ಬಾಕ್ಸ್ 4.5 ಡಿಗ್ರಿ, ಶಾಫ್ಟ್ 6, ಪಿನಿಯನ್ 1.5. ಯೋಕ್ ಎರಡೂ ಒಂದೇ ಗೆರೆಯಲ್ಲಿವೆ, ಅರ್ಧ ಡಿಗ್ರಿಯ ವ್ಯತ್ಯಾಸವೂ ಇಲ್ಲ. ಹಿಂದೆ ಲೀಫ್ ಸ್ಪ್ರಿಂಗ್, ಆಕ್ಸಲ್ ಸ್ಪ್ರಿಂಗಿನ ಕೆಳಗೆ.

ಡಯಲ್‌ಗೇಜ್

ಮುಂದಿನ ಜಾಯಿಂಟ್ 6 ಕಳೆ 4.5, ಅಂದರೆ 1.5. ಹಿಂದಿನದು 6 ಕಳೆ 1.5, ಅಂದರೆ 4.5. ಮೂರು ಡಿಗ್ರಿ ವ್ಯತ್ಯಾಸ! ಒಂದು ಡಿಗ್ರಿ ಒಳಗೆ ಇರಬೇಕಿತ್ತು. ಹಿಂದಿನ ಕೋನವೂ ಈ ವೇಗಕ್ಕೆ ಜಾಸ್ತಿಯೇ, 3 ದಾಟದಿದ್ದರೆ ಒಳ್ಳೆಯದು. ಕ್ರಾಸ್‌ಮೆಂಬರ್ ಹಿಂದಕ್ಕೆ ಹೋದಾಗ ಗೇರ್‌ಬಾಕ್ಸಿನ ಬಾಲ ಕೆಳಗೆ ಇಳಿದಿದೆ ಅಂತ ಕಾಣುತ್ತದೆ. ಬಾಲ ಮೇಲೆತ್ತಲು ಜಾಗ ಇದೆಯಾ?

ಹಳೇಪಿಕಪ್

ಇಲ್ಲ, ಮೇಲೆ ಟನೆಲ್ ತಗಡಿಗೆ ಬೆರಳು ತೂರುವಷ್ಟು ಮಾತ್ರ ಇದೆ.

ಎಣ್ಣೆಕೈ

ಎತ್ತಿದರೂ ಶಾಫ್ಟಿನ ಇಳಿಜಾರು ಇನ್ನೂ ಜಾಸ್ತಿಯಾಗಿ ಹಿಂದಿನ ಕೋನ ಏರುತ್ತಿತ್ತು. ಪಿನಿಯನ್ ಮೂಗನ್ನೇ ಎತ್ತಿ. ಸ್ಪ್ರಿಂಗ್ ಮತ್ತು ಆಕ್ಸಲ್ ಮಧ್ಯೆ 2 ಡಿಗ್ರಿಯ ಓರೆ ಶಿಮ್ (ಬೆಣೆಯಂಥ ಪಟ್ಟಿ), ದಪ್ಪ ತುದಿ ಹಿಂದಕ್ಕೆ. ಆಗ ಪಿನಿಯನ್ 3.5 ಆಗುತ್ತದೆ, ಮೂಗು ಮೇಲೆ ಹೋಗಿದ್ದರಿಂದ ಶಾಫ್ಟ್ ಇಳಿಜಾರು ಸುಮಾರು 5.5ಕ್ಕೆ ಬರುತ್ತದೆ. ಮುಂದೆ 1, ಹಿಂದೆ 2. ಸೊನ್ನೆ ವ್ಯತ್ಯಾಸಕ್ಕೆ ಆಸೆಪಡಬೇಡಿ. ಎಳೆಯುವಾಗ ಲೀಫ್ ಸ್ಪ್ರಿಂಗ್ ತಿರುಚಿಕೊಂಡು ಪಿನಿಯನ್ ಮೂಗು ತಾನಾಗಿ ಒಂದಿಷ್ಟು ಏರುತ್ತದೆ, ಉಳಿದ ಒಂದು ಡಿಗ್ರಿ ಅದಕ್ಕೆ ಬೇಕು. ಹಾಗೆಯೇ ಜಾಯಿಂಟಿನ ಕೋನವನ್ನು ಪೂರ್ತಿ ಸೊನ್ನೆ ಮಾಡಲೂಬಾರದು. ಒಳಗಿನ ಸೂಜಿ ಬೇರಿಂಗ್ ಉರುಳದೆ ಒಂದೇ ಕಡೆ ಒತ್ತಿ ಗುಳಿ ಬೀಳುತ್ತದೆ.

ಹಳೇಪಿಕಪ್

ಶಿಮ್ ಹಾಕಿದೆ. ಗುಂಯ್ ಶಬ್ದ ಹೋಯಿತು! 70ರಿಂದ 90ರ ತನಕ ಇಷ್ಟು ಶಾಂತವಾಗಿ ಈ ಗಾಡಿ ಯಾವತ್ತೂ ಓಡಿರಲಿಲ್ಲ. ಕನ್ನಡಿಯ ನಡುಕ ಮಾತ್ರ 95ರ ಮೇಲೆ ಹಾಗೇ ಇದೆ.

ಡಯಲ್‌ಗೇಜ್

ಈಗ 46. ಹಿಂದಿನ ಆಕ್ಸಲ್ ಕೊಳವೆಗಳ ಅಡಿಗೆ ಜ್ಯಾಕ್ ಸ್ಟ್ಯಾಂಡ್ ಕೊಡಿ, ಚಾಸಿಗಲ್ಲ. ಆಗ ಸ್ಪ್ರಿಂಗ್ ಮೇಲೆ ಭಾರ ಇದ್ದೇ ಇರುತ್ತದೆ. ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ, ಇಂಜಿನ್ ಆಫ್, ಗೇರ್ ನ್ಯೂಟ್ರಲ್. ಶಾಫ್ಟ್ ಮೇಲಿನ ತುಕ್ಕು, ಬಣ್ಣ ಉಜ್ಜಿ ತೆಗೆದು ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿ. ಮುಂದೆ, ನಡುವೆ, ಹಿಂದೆ ಮೂರು ಕಡೆ. ಮುಳ್ಳಿನ ಓಡಾಟ ಅರ್ಧ ಮಿ.ಮೀ. ಒಳಗೆ ಇದ್ದರೆ ನೆಮ್ಮದಿ. ಒಂದು ಮಿ.ಮೀ. ದಾಟಿದರೆ ಆ ಶಾಫ್ಟ್ ಹಾಗೇ ಓಡಬಾರದು.

ಅಲ್ಲೇ ಇರುವಾಗ ಗೇರ್‌ಬಾಕ್ಸಿನ ಬಾಲದೊಳಗೆ ಜಾರುವ ಸ್ಲಿಪ್ ಯೋಕ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಬಾಲದ ಬುಷ್ ಸವೆದಿದ್ದರೆ ಅಲ್ಲೇ ಆಟ ಸಿಗುತ್ತದೆ. ಯೋಕ್ ಪೂರ್ತಿ ಒಳಗೆ ಹೋದ ಜಾಗದಿಂದ ಸುಮಾರು ಒಂದು ಇಂಚು ಹೊರಗಿರಬೇಕು.

ದಾರಿಹೋಕ

ಹೋಸ್ ಕ್ಲಿಪ್ ಉಪಾಯ ಮಾಡಬಹುದಲ್ವಾ? ಶಾಫ್ಟಿಗೆ ಎರಡು ಕ್ಲಿಪ್ ಸುತ್ತಿ, ಸ್ಕ್ರೂ ತಲೆಯನ್ನು ಬೇರೆ ಬೇರೆ ಜಾಗಕ್ಕೆ ತಿರುಗಿಸುತ್ತಾ ನಡುಕ ಕಡಿಮೆಯಾಗುವ ಜಾಗ ಹುಡುಕುವುದು.

ಡಯಲ್‌ಗೇಜ್

ತೂಕ ಮಾತ್ರ ತಪ್ಪಿದ್ದರೆ ಅದು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಶಾಫ್ಟ್ ಡೊಂಕಿದ್ದರೆ ಒಂದು ವೇಗದಲ್ಲಿ ಸರಿಮಾಡಿದ್ದು ಇನ್ನೊಂದು ವೇಗದಲ್ಲಿ ಉಳಿಯುವುದಿಲ್ಲ. ಅದಕ್ಕೇ ಮೊದಲು ಗೇಜ್.

ಹಳೇಪಿಕಪ್

ಬುಷ್‌ನಲ್ಲಿ ಆಟ ಇಲ್ಲ, ಯೋಕ್ ಸರಿಯಾದ ಜಾಗದಲ್ಲೇ ಇದೆ. ಹಿಂದೆ 0.3 ಮಿ.ಮೀ., ನಡುವೆ 0.6, ಮುಂದೆ ವೆಲ್ಡ್ ಪಕ್ಕದಲ್ಲಿ 1.4. ಮುಳ್ಳು ಓಡುವುದು ಬರಿಗಣ್ಣಿಗೆ ಕಾಣುತ್ತದೆ, ಒಂದು ಕಡೆಗೆ ಎಳೆದ ಹಾಗೆ. ವೆಲ್ಡ್ ಗೆರೆ ಕೂಡ ಒಂದು ಬದಿಯಲ್ಲಿ ಅಗಲ, ಇನ್ನೊಂದು ಬದಿಯಲ್ಲಿ ತೆಳು.

ಎಣ್ಣೆಕೈ

ಸಿಕ್ಕಿತು. ಒಂದೇ ಕಡೆಯಿಂದ ಉದ್ದಕ್ಕೆ ವೆಲ್ಡ್ ಎಳೆದರೆ ಆ ಕಡೆ ತಣ್ಣಗಾಗುವಾಗ ಯೋಕನ್ನು ಎಳೆದುಕೊಳ್ಳುತ್ತದೆ. ಮೊದಲು ನಾಲ್ಕು ಕಡೆ ಚುಕ್ಕೆ ವೆಲ್ಡ್ ಹಾಕಿ, ಗೇಜಿನಲ್ಲಿ ನೋಡಿ, ಬಡಿದು ನೇರ ಮಾಡಿ, ಆಮೇಲೆ ಎದುರುಬದುರು ತುಂಡು ತುಂಡಾಗಿ ಮುಗಿಸಬೇಕು. ಶಾಫ್ಟಿನದೇ ಕೆಲಸ ಮಾಡುವ, ಬ್ಯಾಲೆನ್ಸಿಂಗ್ ಮಷಿನ್ ಇರುವ ಕಡೆಗೆ ಕೊಡಿ. ಮೊದಲು ನೇರ ಮಾಡಿ, ಆಮೇಲೆ ಬ್ಯಾಲೆನ್ಸ್ ಮಾಡಿ ಅಂತ ಬಾಯಿಬಿಟ್ಟು ಹೇಳಿ. 100ರಲ್ಲಿ ನಿಮ್ಮ ಶಾಫ್ಟ್ 2760 ಆರ್‌ಪಿಎಂ ತಿರುಗುತ್ತದೆ, ಅದಕ್ಕಿಂತ ಜಾಸ್ತಿ ವೇಗದಲ್ಲಿ ಬ್ಯಾಲೆನ್ಸ್ ಮಾಡಿಸಿ. ಯು-ಜಾಯಿಂಟ್ ಎರಡೂ ಹೊಸದು ಹಾಕಿಯೇ ಮಾಡಿಸಿ. ಬ್ಯಾಲೆನ್ಸ್ ಆದ ಮೇಲೆ ಜಾಯಿಂಟ್ ಬದಲಿಸಿದರೆ ಮತ್ತೆ ತಪ್ಪಬಹುದು.

ಹಳೇಪಿಕಪ್

ಶಾಫ್ಟ್ ವಾಪಸ್ ಬಂತು. ಮುಂದಿನ ಯೋಕ್ ಕತ್ತರಿಸಿ ಹೊಸದಾಗಿ ಕೂರಿಸಿದ್ದಾರೆ, ಈಗ ಗೇಜಿನಲ್ಲಿ ಎಲ್ಲ ಕಡೆ 0.3 ಒಳಗೆ. ನಿನ್ನೆ 110ರ ತನಕ ಓಡಿಸಿದೆ, ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದಬಹುದು. ಆ್ಯಪಿನಲ್ಲಿ 46ರ ಗೆರೆ ಹುಡುಕಿದರೂ ಸಿಗುತ್ತಿಲ್ಲ. ಗೇರ್‌ಬಾಕ್ಸ್ ಮುಟ್ಟದೇ ಮುಗಿಯಿತು. ನಿಮ್ಮೆಲ್ಲರಿಗೂ ತುಂಬಾ ಋಣಿ.

ಮುಂಚಕ್ರ

ನನ್ನದೂ ಸರಿಯಾಯಿತು. ಮೌಂಟ್ ಸಡಿಲಿಸಿ ಮತ್ತೆ ಬಿಗಿ ಮಾಡಿದ್ದಷ್ಟೇ. ಹಳೇಪಿಕಪ್ ಅವರೇ, ನನ್ನ ಅಣ್ಣನ ಗಾಡಿಗೂ ಓರೆ ಶಿಮ್ ಬೇಕಂತೆ. ಅಲ್ಯೂಮಿನಿಯಂದು ಸಿಗುತ್ತಿದೆ, ನಡೆಯುತ್ತದಾ?

ಎಣ್ಣೆಕೈ

ಬೇಡ, ಉಕ್ಕಿನದೇ ಹಾಕಿಸಿ. ಅಲ್ಯೂಮಿನಿಯಂ ಶಿಮ್ ಭಾರ ಹೊತ್ತು ಓಡುವ ಗಾಡಿಯಲ್ಲಿ ಒಡೆದು ಚೂರಾಗಿ ಹೊರಗೆ ಬರುತ್ತದೆ, ಆಗ ಯು-ಬೋಲ್ಟ್ ಸಡಿಲವಾಗಿ ಆಕ್ಸಲ್ಲೇ ಸರಿಯುತ್ತದೆ. ಸ್ಪ್ರಿಂಗಿನ ಸೆಂಟರ್ ಬೋಲ್ಟ್ ತಲೆ ಆಕ್ಸಲ್ ಮೇಲಿನ ತೂತಿನೊಳಗೆ ಕೂರುವಷ್ಟು ಉದ್ದ ಇದೆಯಾ ನೋಡಿ, ಇಲ್ಲದಿದ್ದರೆ ಉದ್ದದ್ದು ಹಾಕಿ. ಯು-ಬೋಲ್ಟ್ ಹೊಸದು ಬಳಸಿ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ಬಿಗಿ ಮಾಡಿ.